ಹಳದಿ ಸ್ಪಂಜಿನ ಜೊತೆ 11 ತಿಂಗಳು

ಆ ದಿನ 18 ಮೀಟರ್ ಆಳದಲ್ಲಿ ನಾನು ಮೊದಲು ಗಮನಿಸಿದ್ದು ಒಂದು ಗೆರೆಯನ್ನು. ಬಂಡೆಯ ಮೇಲೆ ಎಲ್ಲೆಲ್ಲೂ ಪಾಚಿ, ಹವಳ, ಚಿಪ್ಪು, ಹುಳುಗಳ ಕೊಳವೆ ಒಂದರ ಮೇಲೊಂದು ಹತ್ತಿ ಕೂತಿದ್ದವು. ಬೆರಳಗಲ ಜಾಗಕ್ಕೂ ಅಲ್ಲಿ ಪೈಪೋಟಿ. ಆದರೆ ಅಂಗೈಯಷ್ಟು ದೊಡ್ಡ ಒಂದು ಹಳದಿ ಸ್ಪಂಜಿನ ಮೈಮೇಲೆ ಏನೂ ಬೆಳೆದಿರಲಿಲ್ಲ. ಪಕ್ಕದ ಹವಳ ಅದರ ಅಂಚಿನವರೆಗೆ ಬಂದು, ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು. ಮೀನುಗಳು ಸುತ್ತಮುತ್ತ ಕುಕ್ಕಿ ಕುಕ್ಕಿ ತಿನ್ನುತ್ತಿದ್ದವು. ಇದರ ಹತ್ತಿರ ಬಂದರೆ ಹಾಗೇ ತಿರುಗಿ ಹೋಗುತ್ತಿದ್ದವು.

ಕಡಲ ಜೀವಿಗಳಲ್ಲಿ ಕ್ಯಾನ್ಸರ್ ಔಷಧ ಹುಡುಕುವ ಸಂಶೋಧನೆಯಲ್ಲಿ ನನ್ನ ಗೈಡ್ ಮೇಡಂ ಹೇಳಿಕೊಟ್ಟ ಮೊದಲ ಪಾಠ ಅದೇ. ಯಾರೂ ತಿನ್ನದ್ದನ್ನು ನೋಡು, ಯಾರೂ ಹತ್ತದ್ದನ್ನು ನೋಡು.

ಸ್ಪಂಜು ಪ್ರಾಣಿಯೇ. ಆದರೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಅಡಗಿಕೊಳ್ಳಲು ಚಿಪ್ಪಿಲ್ಲ. ಬದುಕಿಡೀ ಒಂದೇ ಕಡೆ ಕೂತು ನೀರು ಸೋಸುತ್ತದೆ. ಅದಕ್ಕಿರುವ ರಕ್ಷಣೆ ರಾಸಾಯನಿಕ. ಅದು ಬಿಟ್ಟ ವಿಷವನ್ನು ಸಮುದ್ರ ಕ್ಷಣದಲ್ಲಿ ತೆಳುಮಾಡಿಬಿಡುತ್ತದೆ. ಹಾಗಾಗಿ ಆ ವಿಷ ಚೂರೇ ಚೂರು ಇದ್ದರೂ ಕೆಲಸ ಮಾಡಬೇಕು. ಮೇಲೆ ಹತ್ತಲು ಬರುವ ಜೀವಿಯ ಕೋಶಗಳು ಬೆಳೆಯದ ಹಾಗೆ, ಒಡೆದು ಎರಡಾಗದ ಹಾಗೆ ತಡೆಯಬೇಕು. ಕ್ಯಾನ್ಸರ್ ಅಂದರೂ ಕೋಶಗಳು ಎಗ್ಗಿಲ್ಲದೆ ಒಡೆದು ಬೆಳೆಯುವುದೇ ಅಲ್ವಾ? ಅದಕ್ಕೇ ಔಷಧ ಹುಡುಕುವವರು ಈ ಮೆತ್ತನೆಯ ಪ್ರಾಣಿಗಳ ಹಿಂದೆ ಬೀಳುವುದು.

ಇದು ಹೊಸ ಹುಡುಕಾಟ ಅಲ್ಲ. ವರ್ನರ್ ಬರ್ಗ್‌ಮನ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲೇ ಒಂದು ಕೆರಿಬಿಯನ್ ಸ್ಪಂಜಿನಲ್ಲಿ ವಿಚಿತ್ರ ವಸ್ತುಗಳನ್ನು ಕಂಡಿದ್ದರು. ನೋಡಲು ಡಿಎನ್‌ಎಯ ಇಟ್ಟಿಗೆಗಳ ಹಾಗೇ ಇದ್ದವು, ಆದರೆ ಅವುಗಳಲ್ಲಿದ್ದ ಸಕ್ಕರೆ ಬೇರೆ, ಅರಾಬಿನೋಸ್. ಕೋಶ ಮೋಸಹೋಗಿ ಈ ಇಟ್ಟಿಗೆಯನ್ನು ಹಿಡಿದುಕೊಂಡರೆ ಅಲ್ಲಿಗೆ ಡಿಎನ್‌ಎ ಕಟ್ಟುವ ಕೆಲಸ ನಿಂತುಹೋಗುತ್ತದೆ. ಆ ಮಾದರಿಯಿಂದ ಬಂದ ಸೈಟಾರಬಿನ್‌ಗೆ 1969ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಅದನ್ನು ಕೊಡುತ್ತಾರೆ. ನಾನು ಈ ಕೆಲಸಕ್ಕೆ ಸೇರಿದಾಗ ಈ ಕಥೆ ನನ್ನ ತಲೆಯಲ್ಲಿ ತುಂಬಿಕೊಂಡಿತ್ತು. ಒಂದು ಸ್ಪಂಜು, ಒಂದು ವಸ್ತು, ಒಂದು ಔಷಧ. ನಡುವೆ ಏನೇನಿದೆ ಅನ್ನುವುದು ಆಮೇಲೆ ಒಂದೊಂದಾಗಿ ಗೊತ್ತಾಯಿತು.

ನೀರಿಗಿಳಿಯುವ ಮೊದಲೇ ಐದು ತಿಂಗಳು ಕಾಗದಪತ್ರಕ್ಕೆ ಹೋಗಿತ್ತು. ಒಂದು ದೇಶದ ಕಡಲಿನ ಜೀವಿಯಿಂದ ಏನಾದರೂ ಲಾಭ ಬಂದರೆ ಅದರಲ್ಲಿ ಆ ದೇಶಕ್ಕೂ ಪಾಲು ಇರಬೇಕು ಎಂದು 2010ರ ನಗೋಯಾ ಒಪ್ಪಂದ ಹೇಳುತ್ತದೆ. 2014ರಿಂದ ಅದು ಜಾರಿಯಲ್ಲಿದೆ. ಏನು ತೆಗೆಯುತ್ತೀರಿ, ಎಷ್ಟು ತೆಗೆಯುತ್ತೀರಿ, ಎಲ್ಲಿಗೆ ಒಯ್ಯುತ್ತೀರಿ, ಎಲ್ಲವನ್ನೂ ಬರೆದು ಕೊಟ್ಟೆವು. ಇದನ್ನು ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಆ ಬಂಡೆ ನಮ್ಮದಲ್ಲ, ಕೇಳಿಯೇ ತೆಗೆದುಕೊಳ್ಳಬೇಕು.

ಆ ಬಂಡೆಸಾಲಿನಲ್ಲಿ ಅದೇ ಹಳದಿ ಸ್ಪಂಜು ಇನ್ನೂ ಆರೇಳು ಕಡೆ ಇತ್ತು. ಪ್ರತಿಯೊಂದರ ಫೋಟೊ ತೆಗೆದೆವು, ಆಳ ಬರೆದುಕೊಂಡೆವು. ಆಮೇಲೆ ಒಂದೊಂದರಿಂದ ಮೂರನೇ ಒಂದು ಭಾಗದಷ್ಟೇ ಕೊಯ್ದೆವು. ಬುಡ ಉಳಿಸಿದರೆ ಮತ್ತೆ ಬೆಳೆಯುತ್ತದೆ. ಮೇಲೆ ಬಂದ ತಕ್ಷಣ ಚೀಲಗಳು ಐಸ್‌ಗೆ. ಪ್ರತಿಯೊಂದರ ಒಂದು ಚಿಕ್ಕ ತುಂಡು ಮಾತ್ರ ಆಲ್ಕೋಹಾಲ್ ತುಂಬಿದ ಬಾಟಲಿಗೆ. ಅದು ಜಾತಿ ಗುರುತಿಸುವ ತಜ್ಞರಿಗೆ ಕಳಿಸಬೇಕಾದ ಸಾಕ್ಷಿ.

ಇಲ್ಲೊಂದು ತಪ್ಪು ಮಾಡಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗ ಆಗಬಹುದು, ಅದಕ್ಕೇ ಹೇಳುತ್ತೇನೆ. ಬೇರೆ ಎರಡು ಜಾತಿಯ ಮಾದರಿಗಳಿಗೆ ಚೀಟಿಯನ್ನು ಮಾರ್ಕರ್ ಪೆನ್ನಿನಲ್ಲಿ ಬರೆದು ಬಾಟಲಿಯೊಳಗೆ ಹಾಕಿದ್ದೆ. ಒಂದು ವಾರದಲ್ಲಿ ಆಲ್ಕೋಹಾಲ್ ಆ ಶಾಯಿಯನ್ನು ಪೂರ್ತಿ ತೊಳೆದುಹಾಕಿತ್ತು. ಯಾವ ಬಾಟಲಿ ಯಾವ ಆಳದ್ದು ಎಂದು ಹೇಳಲು ದಾರಿಯೇ ಉಳಿಯಲಿಲ್ಲ. ಎರಡು ಜೀವಿಗಳನ್ನು ಸುಮ್ನೆ ಕೊಂದ ಹಾಗಾಯಿತು. ಅವತ್ತಿನಿಂದ ಪೆನ್ಸಿಲ್ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಪೆನ್ಸಿಲಿನ ಗೀಟು ನೀರಿಗೂ ಹೋಗುವುದಿಲ್ಲ, ಆಲ್ಕೋಹಾಲಿಗೂ ಹೋಗುವುದಿಲ್ಲ.

ಹಳದಿ ಸ್ಪಂಜು ಲ್ಯಾಬಿಗೆ ಬಂದಾಗ ತೂಕ 820 ಗ್ರಾಂ. ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ನೀರು ಆರಿಸುವ ಯಂತ್ರದಲ್ಲಿ ಮೂರು ದಿನ ಇಟ್ಟೆ. 130 ಗ್ರಾಂ ಉಳಿಯಿತು. ಅದರಲ್ಲೂ ಉಪ್ಪೇ ಜಾಸ್ತಿ. ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಹಾಕಿದೆ, ಆಮೇಲೆ ಡೈಕ್ಲೋರೋಮೀಥೇನ್‌ನಲ್ಲಿ. ಮೂರು ಸಲ ನೆನೆಸಿ ಮೂರು ಸಲ ಸೋಸಿದ ಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆಯಬೇಕು. ಸ್ಪಂಜಿನ ಸಾರ ಸೋಪಿನ ಹಾಗೆ ನೊರೆ ಬರುತ್ತದೆ. ಸ್ವಲ್ಪ ಅವಸರ ಮಾಡಿದರೂ ಗಾಜಿನ ಬುರುಡೆಯಿಂದ ಉಕ್ಕಿ ಯಂತ್ರದೊಳಗೆಲ್ಲ ಹರಡುತ್ತದೆ. ಹಾಗಾಗಿ ಪಕ್ಕದಲ್ಲೇ ಕೂತು ನೋಡುತ್ತಿರಬೇಕು. ಕೊನೆಗೆ ಬುರುಡೆಯ ತಳದಲ್ಲಿ ಉಳಿದದ್ದು ಕಂದು ಬಣ್ಣದ ಅಂಟು, 9 ಗ್ರಾಂ. ಕಡಲ ದಂಡೆಯಲ್ಲಿ ಕೊಳೆತ ಪಾಚಿಯ ವಾಸನೆ. ಆ ವಾಸನೆ ವಾರಗಟ್ಟಲೆ ಬಟ್ಟೆಯಲ್ಲಿ ಇತ್ತು.

ಆ ಅಂಟಿನ ಒಂದು ಚೂರನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ಮುಂದಿನ ಹೆಜ್ಜೆ. 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆ, ಪ್ರತಿ ಗುಂಡಿಯಲ್ಲಿ ಕೆಲವು ಸಾವಿರ ಕೋಶಗಳು. ನಾವು ಬಳಸಿದ ಕೋಶಗಳಲ್ಲಿ ಒಂದು ಹೀಲಾ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕೊರಳಿನ ಗೆಡ್ಡೆಯಿಂದ, ಆಕೆಗೆ ಹೇಳದೆ ಕೇಳದೆ ತೆಗೆದ ಕೋಶಗಳು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇನ್ನೂ ಬೆಳೆಯುತ್ತಲೇ ಇವೆ. ಆ ಫ್ಲಾಸ್ಕನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಮಾತು ಹೊರಡಲಿಲ್ಲ. ಈಗಲೂ ಹೊಸ ಹುಡುಗರಿಗೆ ಪಿಪೆಟ್ ಹಿಡಿಯುವುದನ್ನು ಹೇಳಿಕೊಡುವ ಮೊದಲು ಆ ಹೆಸರು ಹೇಳುತ್ತೇನೆ.

ಸಾರ ಹಾಕಿ, 37 ಡಿಗ್ರಿಯಲ್ಲಿ 72 ಗಂಟೆ ಬಿಟ್ಟು, ಎಂಟಿಟಿ ಎಂಬ ಹಳದಿ ಬಣ್ಣ ಹಾಕಬೇಕು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತ ಕೋಶಕ್ಕೆ ಅದು ಆಗುವುದಿಲ್ಲ. ಹಾಗಾಗಿ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಯಂತ್ರ ಓದುವ ಮೊದಲೇ ಉತ್ತರ ಗೊತ್ತಾಗುತ್ತದೆ. ನನ್ನ ತಟ್ಟೆಯಲ್ಲಿ ಹಳದಿ ಸ್ಪಂಜಿನ ಸಾಲು ಕೊನೆಯ ಗುಂಡಿಯವರೆಗೂ ಹಳದಿಯಾಗೇ ಇತ್ತು. ಅತಿ ಕಡಿಮೆ ಪ್ರಮಾಣ, ಒಂದು ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ. ಅಲ್ಲೂ ಎಲ್ಲ ಸತ್ತಿದ್ದವು. ಶುದ್ಧ ಮಾಡದ ಅಂಟಿಗೆ ಇಷ್ಟು ಬಲ ಇರುವುದು ಅಪರೂಪ.

ನಾನು ತಟ್ಟೆ ಹಿಡಿದುಕೊಂಡೇ ಮೇಡಂ ಕೋಣೆಗೆ ಓಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಸಾಯಿಸಿದೆ, ಸರಿ. ಯಾವುದನ್ನು ಉಳಿಸಿದೆ?"

"ಮೇಡಂ, ಅದಿನ್ನೂ ನೋಡಿಲ್ಲ."

"ಬ್ಲೀಚ್ ಹಾಕಿದರೂ ಈ ತಟ್ಟೆ ಹೀಗೇ ಕಾಣುತ್ತೆ. ಆರೋಗ್ಯವಂತ ಕೋಶಗಳ ಮೇಲೂ ಹಾಕಿ ನೋಡು, ಆಮೇಲೆ ಮಾತಾಡೋಣ."

ಅವತ್ತು ನನಗೆ ಸ್ವಲ್ಪ ಬೇಜಾರಾಯಿತು, ನಿಜ. ಚರ್ಮದ ಆರೋಗ್ಯವಂತ ಕೋಶಗಳ ಮೇಲೆ ಹಾಕಿದೆ. ಅವೂ ಸತ್ತವು. ಕೊಂಚ ಜಾಸ್ತಿ ಪ್ರಮಾಣ ಬೇಕಾಯಿತು ಅಷ್ಟೇ. "ಕಚ್ಚಾ ಸಾರದಲ್ಲಿ ನೂರು ವಸ್ತು ಇರುತ್ತವೆ. ಬೇರೆ ಮಾಡಿದ ಮೇಲೆ ಚಿತ್ರ ಬದಲಾಗಬಹುದು" ಎಂದರು ಮೇಡಂ. ಆ "ಬಹುದು" ಹಿಡಿದುಕೊಂಡು ಮುಂದಿನ ಆರು ತಿಂಗಳು ಕೆಲಸ ಮಾಡಿದೆ.

ಬೇರೆ ಮಾಡುವುದು ಅಂದರೆ ಇಷ್ಟೇ. ಸಾರವನ್ನು ಭಾಗ ಮಾಡು. ಪ್ರತಿ ಭಾಗವನ್ನೂ ಕೋಶಗಳ ಮೇಲೆ ಹಾಕು. ಯಾವುದು ಕೊಲ್ಲುತ್ತದೋ ಅದನ್ನು ಹಿಡಿದು ಮತ್ತೆ ಭಾಗ ಮಾಡು. ಹೇಳಲು ಸುಲಭ. ಆದರೆ ಪ್ರತಿ ಸುತ್ತಿಗೂ ಕೋಶ ಬೆಳೆಸಲು, ಪರೀಕ್ಷೆ ಮಾಡಲು ಒಂದು ವಾರ. ಪ್ರತಿ ಸುತ್ತಿಗೂ ಕೈಯಲ್ಲಿರುವ ಸಾಮಾನು ಕರಗುತ್ತಾ ಹೋಗುತ್ತದೆ. ನೀರಿನಲ್ಲಿ ಕರಗುವುದನ್ನೂ ಕೊಬ್ಬಿನ ಜಾತಿಯದನ್ನೂ ಬೇರೆ ಮಾಡಿದಾಗ 9 ಗ್ರಾಂ ಹೋಗಿ 1.4 ಗ್ರಾಂ ಆಯಿತು. ಅದನ್ನು ಸಿಲಿಕಾ ಎಂಬ ಮರಳಿನಂಥ ಪುಡಿ ತುಂಬಿದ ಉದ್ದ ಗಾಜಿನ ಕೊಳವೆಯಲ್ಲಿ ಇಳಿಸಿದೆ. ಕೆಳಗೆ ಇಳಿದು ಬಂದದ್ದನ್ನು ಹಿಡಿದಾಗ 40 ಟ್ಯೂಬ್ ಆಯಿತು. ಒಂದರಲ್ಲೂ ಬಲ ಇರಲಿಲ್ಲ.

ಒಂದರಲ್ಲೂ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ವಸ್ತು ಒಡೆದುಹೋಯಿತೋ? ಎರಡು ವಸ್ತು ಸೇರಿದರೆ ಮಾತ್ರ ಕೊಲ್ಲುತ್ತಿತ್ತೋ, ಈಗ ಬೇರೆ ಬೇರೆ ಆದವೋ? ಈ ಎರಡೂ ನಡೆಯುವಂಥವೇ, ತುಂಬಾ ಜನರಿಗೆ ಆಗಿದೆ. ಮರುದಿನ ಪಕ್ಕದ ಬೆಂಚಿನ ಸೀನಿಯರ್ ಒಬ್ಬರು ಬಂದು ನೋಡಿ, "ಕೊಳವೆ ಬಿಸಾಡಿದೆಯಾ?" ಅಂತ ಕೇಳಿದರು. ಬಿಸಾಡಿರಲಿಲ್ಲ. "ಹಾಗಾದ್ರೆ ಬರೀ ಮೆಥನಾಲ್ ಹಾಕಿ ತೊಳಿ." ತೊಳೆದೆ. ಕೊನೆಗೆ ಇಳಿದು ಬಂದ ಆ ತಿಳಿ ಹಳದಿ ನೀರಿನಲ್ಲೇ ಇತ್ತು ಎಲ್ಲ ಬಲ. ಅದು ಸಿಲಿಕಾಗೆ ಗಟ್ಟಿಯಾಗಿ ಅಂಟಿಕೊಂಡು ಕೂತಿತ್ತು. ಅಲ್ಲಿಂದ ಮುಂದೆ ಸಿಲಿಕಾ ಬಿಟ್ಟೆ. ಅಣುವಿನ ಗಾತ್ರ ನೋಡಿ ಬೇರೆ ಮಾಡುವ ಜೆಲ್ ಹಿಡಿದೆ, ಆಮೇಲೆ ಇನ್ನೂ ನಯವಾಗಿ ಬೇರೆ ಮಾಡುವ ಯಂತ್ರ, ಎಚ್‌ಪಿಎಲ್‌ಸಿ.

ಎಚ್‌ಪಿಎಲ್‌ಸಿ ಪರದೆಯ ಮೇಲೆ ಗೆರೆ ಬೆಟ್ಟದ ಹಾಗೆ ಏಳುತ್ತದೆ, ಇಳಿಯುತ್ತದೆ. ಒಂದೊಂದು ಬೆಟ್ಟ ಒಂದೊಂದು ವಸ್ತು. 23ನೇ ನಿಮಿಷಕ್ಕೆ ಒಂದು ಚೂಪಾದ ಬೆಟ್ಟ ಏಳುತ್ತಿತ್ತು. ಅದು ಎದ್ದ ಕೂಡಲೇ ಕೆಳಗೆ ಟ್ಯೂಬ್ ಹಿಡಿಯಬೇಕು, ಇಳಿದ ಕೂಡಲೇ ತೆಗೆಯಬೇಕು. ಒಂದು ಸಲಕ್ಕೆ ಸಿಗುವುದು ಮಿಲಿಗ್ರಾಂನ ಒಂದು ಚೂರು. ಎರಡು ವಾರ ಅದನ್ನೇ ಮಾಡಿದೆ. ಆಮೇಲೆ ಒಂದು ಚಿಕ್ಕ ಗಾಜಿನ ಶೀಸೆಯ ತಳದಲ್ಲಿ ಬಿಳಿ ಪುಡಿ, 11 ಮಿಲಿಗ್ರಾಂ. ಬಂಡೆಯ ಮೇಲೆ ಆ ಗೆರೆ ಎಳೆದದ್ದು ಇದೇ ಪುಡಿ ಇರಬಹುದು ಅಂತ ಅನ್ನಿಸಿ, ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಈ ಪುಡಿಯ ತೂಕ ಅಳೆಯಲು, ಅಂದರೆ ಒಂದು ಅಣುವಿನ ತೂಕ ಅಳೆಯಲು, ಬೇರೆ ವಿಭಾಗದ ಮಾಸ್ ಯಂತ್ರಕ್ಕೆ ಕೊಡಬೇಕಿತ್ತು. ಅಲ್ಲಿ ಸರದಿ ಕಾಯಬೇಕು. ಪೂರ್ತಿ ಶುದ್ಧವಾದ ಮೇಲೆ ಒಂದೇ ಸಲ ಕೊಡೋಣ ಅಂತ ನಾನೇ ಮುಂದೆ ಹಾಕುತ್ತಾ ಬಂದಿದ್ದೆ. ಹತ್ತನೇ ತಿಂಗಳಲ್ಲಿ ಫಲಿತಾಂಶ ಬಂತು. ಹಾಳೆಯಲ್ಲಿ ಎರಡು ಗೆರೆ ಅಕ್ಕಪಕ್ಕ ನಿಂತಿದ್ದವು, 709 ಮತ್ತು 711. ಎರಡೂ ಬಹುತೇಕ ಒಂದೇ ಎತ್ತರ.

ಈ ಅವಳಿ ಗೆರೆ ಕಡಲಿನ ಸಹಿ ಇದ್ದ ಹಾಗೆ. ಬ್ರೋಮಿನ್‌ನಲ್ಲಿ ಎರಡು ಬಗೆಯ ಪರಮಾಣು ಇವೆ, ಒಂದರ ತೂಕ 79, ಇನ್ನೊಂದರದು 81. ಎರಡೂ ಹೆಚ್ಚುಕಮ್ಮಿ ಸಮಸಮ ಸಿಗುತ್ತವೆ. ಹಾಗಾಗಿ ಅಣುವಿನಲ್ಲಿ ಒಂದು ಬ್ರೋಮಿನ್ ಇದ್ದರೆ ಎರಡು ತೂಕ ಕಾಣಿಸುತ್ತದೆ. ನೆಲದ ಗಿಡಮರಗಳ ವಸ್ತುಗಳಲ್ಲಿ ಬ್ರೋಮಿನ್ ಸಿಗುವುದು ತೀರಾ ಅಪರೂಪ. ಸಮುದ್ರದ ನೀರಿನಲ್ಲಿ ಅದು ಧಾರಾಳವಾಗಿದೆ, ಅಲ್ಲಿನ ಜೀವಿಗಳು ಅದನ್ನು ಹಿಡಿದು ಅಣುವಿಗೆ ಹೊಲಿಯುತ್ತವೆ. ನನಗೆ ಖುಷಿಯಿಂದ ಕೈ ನಡುಗಿತು. ಆಮೇಲೆ ಅದೇ ತೂಕವನ್ನು ಕಡಲ ವಸ್ತುಗಳ ಡೇಟಾಬೇಸ್‌ನಲ್ಲಿ ಹಾಕಿ ಹುಡುಕಿದೆ.

ಒಂದೇ ನಿಮಿಷ. ಹೆಸರು ಬಂತು. ಜಾಸ್ಪಮೈಡ್, ಇನ್ನೊಂದು ಹೆಸರು ಜಾಸ್ಪ್ಲಾಕಿನೊಲೈಡ್. ಜಾಸ್ಪಿಸ್ ಎಂಬ ಸ್ಪಂಜಿನಿಂದ 1986ರಲ್ಲೇ ಬೇರೆ ಮಾಡಿ, ರಚನೆ ಬಿಡಿಸಿ ಪ್ರಕಟಿಸಿದ್ದಾರೆ.

ನಂಬಲು ಮನಸ್ಸು ಬರಲಿಲ್ಲ. ಅದೇ ತೂಕದ ಬೇರೆ ವಸ್ತುವೂ ಇರಬಹುದಲ್ಲ ಅಂದುಕೊಂಡು 4 ಮಿಲಿಗ್ರಾಂ ಎನ್‌ಎಂಆರ್‌ಗೆ ಕೊಟ್ಟೆ. ಅಣುವಿನಲ್ಲಿ ಯಾವ ಹೈಡ್ರೋಜನ್ ಯಾವ ಇಂಗಾಲದ ಪಕ್ಕ ಕೂತಿದೆ ಎಂದು ಹೇಳುವ ಯಂತ್ರ ಅದು. ಮೂರು ಅಮೈನೋ ಆಮ್ಲಗಳಿದ್ದವು. ಬ್ರೋಮಿನ್ ಹೊತ್ತ ಟ್ರಿಪ್ಟೊಫಾನ್ ಕಂಡಿತು. ಬೀಟಾ ಟೈರೋಸಿನ್ ಕಂಡಿತು, ಅಲನಿನ್ ಕಂಡಿತು, ಇವುಗಳನ್ನು ಜೋಡಿಸಿ ಉಂಗುರ ಮಾಡುವ ಉದ್ದ ಇಂಗಾಲದ ಸರಪಳಿಯೂ ಕಂಡಿತು. ಹಳೇ ಲೇಖನದ ಪಟ್ಟಿಯ ಪಕ್ಕ ನನ್ನ ಅಂಕಿಗಳನ್ನು ಇಟ್ಟು ಒಂದೊಂದಾಗಿ ಟಿಕ್ ಹಾಕಿದೆ. ಎಲ್ಲವೂ ಕೂಡಿಬಂದವು. ಅದೇ ವಾರ ಸ್ಪಂಜು ತಜ್ಞರ ಪತ್ರವೂ ಬಂತು. ಒಳಗಿನ ಗಾಜಿನಂಥ ಮುಳ್ಳುಗಳ ಆಕಾರ ನೋಡಿ ಅವರು ಬರೆದಿದ್ದರು: ಜಾಸ್ಪಿಸ್ ಗುಂಪು.

ಜಾಸ್ಪಮೈಡ್ ಮಾಡುವ ಕೆಲಸ ಏನು ಅನ್ನುವುದೂ ಚೆನ್ನಾಗಿ ಗೊತ್ತಿರುವ ವಿಷಯವೇ. ನಮ್ಮ ಪ್ರತಿ ಕೋಶದೊಳಗೂ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಕೋಶಕ್ಕೆ ಆಕಾರ ಕೊಡುವುದು, ಅದನ್ನು ಚಲಿಸುವ ಹಾಗೆ ಮಾಡುವುದು, ಒಡೆದು ಎರಡಾಗುವಾಗ ನಡುವೆ ಹಿಸುಕುವುದು ಈ ಎಳೆಗಳೇ. ಅವು ಕಟ್ಟುತ್ತಾ ಬಿಚ್ಚುತ್ತಾ ಇರಬೇಕು. ಜಾಸ್ಪಮೈಡ್ ಹೋಗಿ ಎಳೆಯನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಬಿಚ್ಚಲು ಬಿಡುವುದಿಲ್ಲ. ಕೋಶ ಅಲ್ಲೇ ಕಟ್ಟಿಹಾಕಿದ ಹಾಗೆ ಆಗಿ ಸಾಯುತ್ತದೆ. ಆದರೆ ಆಕ್ಟಿನ್ ಕ್ಯಾನ್ಸರ್ ಕೋಶದಲ್ಲೂ ಇದೆ, ಹೃದಯದ ಸ್ನಾಯುವಿನಲ್ಲೂ ಇದೆ, ಎಲ್ಲ ಕಡೆಯೂ ಇದೆ. ಹಾಗಾಗಿ ಅದು ಔಷಧ ಆಗಲಿಲ್ಲ. ಮೇಡಂ ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತ್ತು. ಅದು ಯಾವುದನ್ನೂ ಉಳಿಸುವುದಿಲ್ಲ.

ಅತ್ತುಬಿಟ್ಟೆ ಅಂತ ಹೇಳಲು ನಾಚಿಕೆ ಇಲ್ಲ. ಮೇಡಂ ಬೈಯಲಿಲ್ಲ. ಒಂದು ವಾರ ರಜೆ ತಗೋ ಅಂದರು. ರಜೆ ತೆಗೆದುಕೊಳ್ಳಲಿಲ್ಲ. ಕಡಲಿನಿಂದ ಹೊರಟು ನಿಜವಾಗಿಯೂ ರೋಗಿಗಳವರೆಗೆ ತಲುಪಿದ ವಸ್ತುಗಳ ಕಥೆಗಳನ್ನು ಒಂದೊಂದಾಗಿ ಓದುತ್ತಾ ಕೂತೆ. ನನ್ನದು ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ಅವರು ಹೇಗೆ ದಾಟಿದರು ಅನ್ನುವುದು ನನಗೆ ಬೇಕಿತ್ತು.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹ್ಯಾಲಿಕಾಂಡ್ರಿನ್ ಎಂಬ ಸ್ಪಂಜಿನ ವಸ್ತು. ಜಪಾನಿನ ಹಿರಾಟಾ ಮತ್ತು ಉಯೆಮುರಾ 1986ರಲ್ಲಿ ಅದನ್ನು ಪ್ರಕಟಿಸಿದರು. ಜಾಸ್ಪಮೈಡ್ ಬಂದ ವರ್ಷವೇ. ಅವರು 600 ಕಿಲೋ ಸ್ಪಂಜು ಅರೆದು ಹ್ಯಾಲಿಕಾಂಡ್ರಿನ್ ಬಿ ಪಡೆದದ್ದು 12.5 ಮಿಲಿಗ್ರಾಂ. ನನ್ನ 820 ಗ್ರಾಂ ಎಲ್ಲಿ, ಅವರ 600 ಕಿಲೋ ಎಲ್ಲಿ! ಇಷ್ಟು ಕಡಿಮೆ ಸಿಗುವುದನ್ನು ಔಷಧ ಮಾಡಬೇಕೆಂದರೆ ಕಡಲಿನಲ್ಲಿ ಆ ಸ್ಪಂಜೇ ಉಳಿಯುವುದಿಲ್ಲ. ಉಳಿದ ದಾರಿ ಒಂದೇ, ಲ್ಯಾಬಿನಲ್ಲಿ ಕಟ್ಟುವುದು. ಹಾರ್ವರ್ಡ್‌ನ ಯೋಶಿತೊ ಕಿಶಿ ಅವರ ತಂಡ 1992ರಲ್ಲಿ ಆ ದೈತ್ಯ ಅಣುವನ್ನು ಪೂರ್ತಿ ಕಟ್ಟಿ ಮುಗಿಸಿತು. ಕಟ್ಟುವ ದಾರಿಯಲ್ಲಿ ಬಂದ ತುಂಡುಗಳನ್ನೂ ಅವರು ಪರೀಕ್ಷೆಗೆ ಕಳಿಸಿದ್ದರು. ಅಲ್ಲೇ ಇದ್ದದ್ದು ವಿಶೇಷ. ಅಣುವಿನ ಬಲಗಡೆಯ ಅರ್ಧ ಭಾಗ ಒಂದೇ ಸಾಕಿತ್ತು, ಕೊಲ್ಲುವ ಶಕ್ತಿಯೆಲ್ಲ ಅದರಲ್ಲೇ ಇತ್ತು.

ಎಸೈ ಕಂಪನಿಯವರು ಆ ಅರ್ಧವನ್ನು ಹಿಡಿದು ತಿದ್ದಿ ತೀಡಿ ಎರಿಬುಲಿನ್ ಎಂಬ ಔಷಧ ಮಾಡಿದರು. ಅರ್ಧ ಅಂದರೂ ಸುಲಭದ್ದಲ್ಲ. ಅದನ್ನು ಕಟ್ಟಲು 62 ಹೆಜ್ಜೆ. ಎಡಗೈ ಬಲಗೈ ಹಾಗೆ ಎರಡು ರೀತಿ ಕೂರಬಹುದಾದ ಜಾಗಗಳು ಅದರಲ್ಲಿ 19 ಇವೆ, ಹತ್ತೊಂಬತ್ತೂ ಸರಿಯಾದ ಕಡೆಗೇ ಇರಬೇಕು. ಬೇರೆ ಬೇರೆ ಕೀಮೋ ಪಡೆದರೂ ಹರಡಿದ ಸ್ತನ ಕ್ಯಾನ್ಸರ್‌ಗೆ 2010ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ 762 ಹೆಂಗಸರಿದ್ದರು. ಎರಿಬುಲಿನ್ ಪಡೆದವರು ಬದುಕಿದ ಮಧ್ಯಮ ಅವಧಿ 13.1 ತಿಂಗಳು, ಬೇರೆ ಚಿಕಿತ್ಸೆ ಪಡೆದವರದು 10.6 ತಿಂಗಳು.

ಎರಡೂವರೆ ತಿಂಗಳು. ಇಷ್ಟಕ್ಕೇನಾ ಅಂತ ಕೆಲವರು ಕೇಳುತ್ತಾರೆ. ನನಗೆ ಆ ಮಾತು ಕೇಳಿದರೆ ನೋವಾಗುತ್ತದೆ. ಅಷ್ಟು ಮುಂದುವರಿದ ರೋಗದಲ್ಲಿ ಎರಡೂವರೆ ತಿಂಗಳು ಸಿಕ್ಕವರ ಮನೆಯಲ್ಲಿ ಆ ದಿನಗಳ ಬೆಲೆ ಏನು ಅಂತ ಕೇಳಬೇಕು.

ಇನ್ನೊಂದು ಕಥೆ ನನ್ನ ಸೋಲಿಗೆ ಇನ್ನೂ ಹತ್ತಿರದ್ದು. ಕಡಲ ಮೊಲ ಎಂಬ, ಹೊರಗೆ ಚಿಪ್ಪು ಕಾಣದ ಬಸವನಹುಳುವಿನಿಂದ ಜಾರ್ಜ್ ಪೆಟಿಟ್ ಅವರ ತಂಡ ಡೊಲಾಸ್ಟಾಟಿನ್ 10 ತೆಗೆಯಿತು. ಒಂದು ಟನ್ನಿಗೂ ಜಾಸ್ತಿ ಜೀವಿಗಳಿಂದ ಸಿಕ್ಕಿದ್ದು 30 ಮಿಲಿಗ್ರಾಂಗಿಂತ ಕಡಿಮೆ. 1972ರಲ್ಲಿ ಶುರುವಾದ ಕೆಲಸದ ರಚನೆ ಹೊರಬಂದದ್ದು 1987ರಲ್ಲಿ. ಹದಿನೈದು ವರ್ಷ! ನನ್ನ 11 ತಿಂಗಳಿಗೆ ನಾನು ಅತ್ತಿದ್ದೆ. ಡೊಲಾಸ್ಟಾಟಿನ್ ಭಯಂಕರ ವಿಷ. ಒಂಟಿಯಾಗಿ ರೋಗಿಗಳಿಗೆ ಕೊಟ್ಟು ನೋಡಿದಾಗ ಅದು ಗೆಲ್ಲಲಿಲ್ಲ. ಯಾವುದನ್ನು ಉಳಿಸಿದೆ ಎಂಬ ಪ್ರಶ್ನೆಗೆ ಅದರಲ್ಲೂ ಉತ್ತರ ಇರಲಿಲ್ಲ.

ಆಗ ಬೇರೆ ಉಪಾಯ ಬಂತು. ವಿಷಕ್ಕೆ ಆಯ್ಕೆ ಮಾಡಲು ಬರದಿದ್ದರೆ ಬೇಡ, ಆಯ್ಕೆ ಮಾಡುವವರ ಬೆನ್ನ ಮೇಲೆ ಅದನ್ನು ಕೂರಿಸೋಣ. ಡೊಲಾಸ್ಟಾಟಿನ್ ಮಾದರಿಯಲ್ಲಿ ಎಂಎಂಎಇ ಎಂಬ ಸಂಬಂಧಿಕ ವಸ್ತು ತಯಾರಿಸಿದರು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಕೋಶಗಳ ಮೈಮೇಲೆ ಸಿಡಿ30 ಎಂಬ ಗುರುತು ತುಂಬಾ ಇರುತ್ತದೆ. ಆ ಗುರುತನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಗೆ ವಿಷವನ್ನು ಒಂದು ಕೊಂಡಿಯಿಂದ ಕಟ್ಟಿದರು. ರಕ್ತದಲ್ಲಿ ಸಾಗುವಾಗ ವಿಷ ಕಟ್ಟಿಹಾಕಿದ ಹಾಗೇ ಇರುತ್ತದೆ. ಆಂಟಿಬಾಡಿಯನ್ನು ಕೋಶ ಒಳಗೆ ಎಳೆದುಕೊಂಡ ಮೇಲೆ ಕೊಂಡಿ ಕಡಿದು ಬಿಡುಗಡೆ ಆಗುತ್ತದೆ. ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಈ ಔಷಧಕ್ಕೆ 2011ರಲ್ಲಿ ಅನುಮತಿ ಸಿಕ್ಕಿತು. ಅಡ್ಡಪರಿಣಾಮ ಇದೆ, ಕೈಕಾಲಿನ ನರಗಳಿಗೆ ತೊಂದರೆ ಆಗುತ್ತದೆ. ಆದರೂ ಬೇರೆ ದಾರಿ ಮುಚ್ಚಿದ್ದ ಎಷ್ಟೋ ಜನರಿಗೆ ಅದು ಕೆಲಸ ಮಾಡಿದೆ.

ಕಡಲ ಮೊಲದ ಕಥೆಯಲ್ಲಿ ಇನ್ನೂ ಒಂದು ತಿರುವಿದೆ. ಆ ವಿಷ ಅದರದ್ದೇ ಅಲ್ಲ. ಅದು ತಿನ್ನುವ ನೀಲಿಹಸಿರು ಬ್ಯಾಕ್ಟೀರಿಯಾದಲ್ಲಿ ಡೊಲಾಸ್ಟಾಟಿನ್ 10 ಸಿಕ್ಕಿತು, 2001ರಲ್ಲಿ. ಟ್ರಾಬೆಕ್ಟಿಡಿನ್ ಎಂಬ ಕ್ಯಾನ್ಸರ್ ಔಷಧದ ಕಥೆಯೂ ಹಾಗೇ. ಕೆರಿಬಿಯನ್ ಕಡಲಿನ ಅಸಿಡಿಯನ್ ಎಂಬ ಚೀಲದಂಥ ಜೀವಿಯ ಸಾರ ಗೆಡ್ಡೆಗಳ ವಿರುದ್ಧ ಕೆಲಸ ಮಾಡುತ್ತದೆ ಅಂತ 1969ರಲ್ಲೇ ಗೊತ್ತಿತ್ತು. ರಚನೆ ಪ್ರಕಟವಾದದ್ದು 1990ರಲ್ಲಿ. ಒಂದು ಗ್ರಾಂ ಬೇಕೆಂದರೆ ಸುಮಾರು ಒಂದು ಟನ್ ಜೀವಿ ಬೇಕಿತ್ತು. ಕಡಲಿನಲ್ಲಿ ಸಾಕಿ ನೋಡಿದರು, ಸಾಲಲಿಲ್ಲ. ಕೊನೆಗೆ ಸ್ಪೇನಿನ ಫಾರ್ಮಾಮಾರ್ ಕಂಪನಿ ಅಡ್ಡದಾರಿಯೊಂದನ್ನು ಕಂಡುಕೊಂಡಿತು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಬೆಳೆಸಿ ಅದೇ ರೀತಿಯ ಒಂದು ವಸ್ತು ಪಡೆಯುವುದು, ಅಲ್ಲಿಂದ ಮುಂದಿನ ಹೆಜ್ಜೆಗಳನ್ನು ಲ್ಯಾಬಿನಲ್ಲಿ ಮಾಡುವುದು. ಯುರೋಪಿನಲ್ಲಿ 2007ರಲ್ಲಿ ಅನುಮತಿ, ಅಮೆರಿಕದಲ್ಲಿ 2015ರಲ್ಲಿ. ಅಸಿಡಿಯನ್‌ನಲ್ಲೂ ಅದನ್ನು ತಯಾರಿಸುತ್ತಿದ್ದದ್ದು ಒಳಗೆ ವಾಸವಾಗಿರುವ ಒಂದು ಬ್ಯಾಕ್ಟೀರಿಯಾ.

ಇದನ್ನೆಲ್ಲ ಓದಿ ಮುಗಿಸಿದಾಗ ಮೇಡಂ ಹತ್ತಿರ ಹೋಗಿ ಕೇಳಿದೆ. ನಾವು ಪ್ರಾಣಿಯನ್ನು ಕೊಯ್ಯುವ ಬದಲು ಕೆಸರು ತಂದರೆ ಹೇಗೆ? ಕಡಲ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿದರೆ ಮತ್ತೆ ಮತ್ತೆ ಬಂಡೆಗೆ ಹೋಗಬೇಕಿಲ್ಲ, ಬೇಕಾದಷ್ಟು ಸಿಗುತ್ತದೆ. ಇದನ್ನು ಮಾಡಿದವರು ಆಗಲೇ ಇದ್ದಾರೆ. ಅಮೆರಿಕದ ಸ್ಕ್ರಿಪ್ಸ್ ಕಡಲ ಸಂಶೋಧನಾ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸನ್ ಅವರ ಗುಂಪು ಕಡಲ ಕೆಸರಿನ ಸ್ಯಾಲಿನಿಸ್ಪೊರಾ ಎಂಬ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಕೋಶ ಕೊಲ್ಲುವ ಸ್ಯಾಲಿನೊಸ್ಪೊರಮೈಡ್ ಎಂಬ ವಸ್ತು ತೆಗೆದು 2003ರಲ್ಲಿ ಪ್ರಕಟಿಸಿತ್ತು. ಅದು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಮೇಡಂ ಒಪ್ಪಿದರು.

ಈಗ ಆ ಕೆಲಸ ನಡೆಯುತ್ತಿದೆ. ಸುಲಭ ಆಗಿದೆ ಅಂತ ಹೇಳುವುದಿಲ್ಲ. ಕಡಲಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಾವು ಕೊಡುವ ಆಹಾರ ತಿಂದು ಬೆಳೆಯುವುದೇ ಇಲ್ಲ. ಕೆಲವಕ್ಕೆ ಉಪ್ಪುನೀರೇ ಬೇಕು, ಕೆಲವು ಆರು ವಾರ ಕಾದ ಮೇಲೆ ಸಾಸಿವೆಯಷ್ಟು ದೊಡ್ಡದಾಗುತ್ತವೆ. ಬೆಳೆದರೂ ಬೇಕಾದ ವಸ್ತುವನ್ನು ತಯಾರಿಸಬೇಕೆಂದೇನೂ ಇಲ್ಲ. ಪಕ್ಕದಲ್ಲಿ ಶತ್ರು ಇಲ್ಲದಿದ್ದರೆ ವಿಷ ಯಾಕೆ ಮಾಡಬೇಕು ಅದು? ಹಾಗಾಗಿ ಎರಡು ಜಾತಿಯನ್ನು ಒಂದೇ ಫ್ಲಾಸ್ಕಿನಲ್ಲಿ ಬೆಳೆಸಿ ನೋಡುತ್ತಿದ್ದೇನೆ. ಇದುವರೆಗೆ 31 ಜಾತಿ ಬೆಳೆದಿವೆ. ನಾಲ್ಕರಲ್ಲಿ ಬಲ ಕಂಡಿತು. ಅದರಲ್ಲಿ ಮೂರನ್ನು ಮೊದಲ ವಾರದಲ್ಲೇ ಬಿಟ್ಟೆ. ಎರಡು ಹಳೇ ಪರಿಚಿತ ವಸ್ತುಗಳು, ಇನ್ನೊಂದು ಬರೀ ಕೊಬ್ಬಿನಾಮ್ಲ, ಸೋಪಿನ ಹಾಗೆ ಕೋಶದ ಪೊರೆ ಒಡೆಯುವಂಥದ್ದು. ಈಗ ನಾನು ಮಾಸ್ ಯಂತ್ರದ ಸರದಿಗೆ ಮೊದಲ ದಿನವೇ ಹೆಸರು ಕೊಡುತ್ತೇನೆ, ಕಚ್ಚಾ ಸಾರವನ್ನೇ ಕೊಡುತ್ತೇನೆ. ಆರೋಗ್ಯವಂತ ಕೋಶಗಳನ್ನೂ ಅದೇ ತಟ್ಟೆಯಲ್ಲಿ, ಕ್ಯಾನ್ಸರ್ ಕೋಶಗಳ ಪಕ್ಕದ ಸಾಲಿನಲ್ಲೇ ಹಾಕುತ್ತೇನೆ.

ಜಾಸ್ಪಮೈಡ್ ವ್ಯರ್ಥ ಆಗಲಿಲ್ಲ. ಎಳೆಗಳನ್ನು ಹಿಡಿದು ನಿಲ್ಲಿಸುವ ಅದರ ಗುಣವೇ ಕೋಶಗಳ ಚಲನೆ ನೋಡುವವರಿಗೆ ಒಳ್ಳೆಯ ಸಾಧನ. ಪಕ್ಕದ ಲ್ಯಾಬಿನವರು ಹೋದ ತಿಂಗಳು ಬಂದು ಒಂದು ಮಿಲಿಗ್ರಾಂ ಕೇಳಿದರು, ಕೊಟ್ಟೆ. ಕ್ಯಾನ್ಸರ್ ಕೋಶ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೆವಳುವಾಗ ಯಾವ ಎಳೆ ಮೊದಲು ಅಲ್ಲಾಡುತ್ತದೆ ಎಂದು ಅವರು ನೋಡುತ್ತಿದ್ದಾರೆ. ಉಳಿದದ್ದು ಫ್ರೀಜರಿನಲ್ಲಿದೆ. ಶೀಸೆಯ ಮೇಲಿನ ಚೀಟಿಯಲ್ಲಿ ಆಳ, ತಾರೀಖು, ಬಂಡೆಯ ಸಂಖ್ಯೆ, ಎಲ್ಲ ಪೆನ್ಸಿಲಿನಲ್ಲಿ.

ಬಿಡದೆ ಉಳಿಸಿಕೊಂಡ ಆ ನಾಲ್ಕನೆಯ ಜಾತಿಯ ಸಾರ ಈಗ ತಟ್ಟೆಯಲ್ಲಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ 72 ಗಂಟೆ ಆಗುತ್ತದೆ. ನಾನು ಮೊದಲು ನೋಡುವುದು ಆರೋಗ್ಯವಂತ ಕೋಶಗಳ ಸಾಲನ್ನು.